ಹದಿನೆಂಟು ಕೆಜಿ ಸಾಮೆಗೊಂದು ಮಿಷನ್

ನಮ್ಮ ದೊಡ್ಡಮ್ಮ ಅರ್ಧ ಎಕರೆ ಖುಷ್ಕಿಯಲ್ಲಿ ಸಾಮೆ ಹಾಕುತ್ತಾರೆ. ಕೊಯ್ದು, ಒಕ್ಕಿ, ತೂರಿ ಚೀಲಕ್ಕೆ ತುಂಬುವವರೆಗೂ ಎಲ್ಲ ಸಲೀಸು. ತಾಪತ್ರಯ ಶುರುವಾಗುವುದು ಆಮೇಲೆ. ಹೋದ ಸುಗ್ಗಿಯಲ್ಲಿ ಅಕ್ಕಿ ಮಾಡಿಸಲು ಹದಿನೆಂಟು ಕೆಜಿ ಸಾಮೆ ಹೊತ್ತು ಬಸ್ಸು ಹತ್ತಿ ಪೇಟೆಯ ಮಿಲ್ಲಿಗೆ ಹೋದರೆ, ಕ್ವಿಂಟಾಲಿಗಿಂತ ಕಡಿಮೆ ಹಾಕೋದಿಲ್ಲ ಎಂದು ವಾಪಸ್ ಕಳಿಸಿದರು. ಮಿಲ್ಲಿನವರ ಕಷ್ಟವೂ ಗೊತ್ತು. ದೊಡ್ಡ ಮಿಷನ್ನಿನ ಎಲಿವೇಟರು, ಪೈಪು, ಜರಡಿಗಳ ಹೊಟ್ಟೆ ತುಂಬುವುದಕ್ಕೇ ಅಷ್ಟು ಕಾಳು ಬೇಕು. ಹದಿನೆಂಟು ಕೆಜಿ ಹಾಕಿದರೆ ಹೊರಗೆ ಬರುವುದರಲ್ಲಿ ಹಿಂದಿನವರದ್ದು ಯಾವುದು, ದೊಡ್ಡಮ್ಮನದ್ದು ಯಾವುದು ಎಂದು ಹೇಳುವವರಿಲ್ಲ. ಆದರೆ ಸಾಮೆ ಚೀಲವನ್ನು ಮತ್ತೆ ತಲೆ ಮೇಲೆ ಹೊತ್ತು ಬಂದ ದೊಡ್ಡಮ್ಮ ಅದನ್ನು ನನ್ನ ವೆಲ್ಡಿಂಗ್ ಶಾಪಿನ ಮುಂದೆ ಇಳಿಸಿ, "ನೀನು ಗೇಟು, ಕಿಟಕಿ ಎಲ್ಲ ಮಾಡ್ತೀಯ. ಇದಕ್ಕೊಂದು ಏನಾದ್ರೂ ಮಾಡೋಕಾಗಲ್ವೇನೋ ಮಗ?" ಅಂದರು. ಈ ಮಿಷನ್ ಹುಟ್ಟಿದ್ದು ಆ ಮಾತಿನಿಂದ.

ರಾಗಿ, ಜೋಳ, ಸಜ್ಜೆ ಬೆಳೆದವರಿಗೆ ಈ ಕಷ್ಟವಿಲ್ಲ. ಒಕ್ಕಣೆಯಲ್ಲೇ ಸಿಪ್ಪೆ ಉದುರುತ್ತದೆ, ಊರಿನ ಹಿಟ್ಟಿನ ಗಿರಣಿಗೆ ಕೊಟ್ಟರೆ ಕೆಲಸ ಮುಗಿಯಿತು. ಸಾಮೆ, ನವಣೆ, ಕೊರಲೆ, ಊದಲು, ಬರಗು, ಹಾರಕಗಳಿಗೆ ಮೈಗೆ ಅಂಟಿದ ಗಟ್ಟಿ ಹೊಟ್ಟು. ಅದನ್ನು ಬಿಡಿಸದೆ ತಿನ್ನುವಂತಿಲ್ಲ. ಹಿಂದೆ ಒರಳಲ್ಲಿ ಹಾಕಿ ಒನಕೆಯಲ್ಲಿ ಕುಟ್ಟುತ್ತಿದ್ದರು, ಮೊರದಲ್ಲಿ ಕೇರುತ್ತಿದ್ದರು, ಮತ್ತೆ ಕುಟ್ಟುತ್ತಿದ್ದರು. ಬೀಸುವ ಕಲ್ಲಿಗೆ ಜೇಡಿಮಣ್ಣು ಮೆತ್ತಿ, ಕಾಳು ನುರಿಯದೆ ಸಿಪ್ಪೆ ಮಾತ್ರ ಬಿಡುವಂತೆ ಮಾಡುತ್ತಿದ್ದದ್ದೂ ಉಂಟು. ಎಲ್ಲವೂ ಹೆಂಗಸರ ರಟ್ಟೆಯ ಮೇಲೆ ನಿಂತ ಕೆಲಸ. ಆ ರಟ್ಟೆಗಳು ಸೋತಾಗ ಎಷ್ಟೋ ಹೊಲಗಳಲ್ಲಿ ಸಾಮೆಯೂ ನಿಂತುಹೋಯಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಪೇಟೆಯ ಅಂಗಡಿಯಲ್ಲಿ ಸಾಮೆ ಅಕ್ಕಿ ಪ್ಯಾಕೆಟ್ಟಿನಲ್ಲಿ ಕೂತಿದೆ. ಬೆಳೆದವರ ಮನೆಯಲ್ಲಿ ಮಾತ್ರ ಅದು ಚೀಲದಲ್ಲಿ ಹೊಟ್ಟಿನೊಳಗೇ ಉಳಿದಿದೆ. ನನಗೆ ಇದು ತೀರಾ ಅನ್ಯಾಯ ಅನ್ನಿಸುತ್ತದೆ.

ಚಿಕ್ಕ ಮಿಷನ್ನೇ ಏಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹೊಟ್ಟಿನೊಳಗಿರುವ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ತೆಗೆದ ಮೇಲೆ ತೌಡಿನಲ್ಲಿರುವ ಎಣ್ಣೆಗೆ ಗಾಳಿ ತಾಗಿ ಕೆಲವು ತಿಂಗಳಲ್ಲೇ ಮುಗ್ಗು ವಾಸನೆ ಬರುತ್ತದೆ, ಹುಳು ಬೀಳುತ್ತದೆ. ಹಾಗಾಗಿ ಒಂದೇ ಸಲಕ್ಕೆ ಕ್ವಿಂಟಾಲ್ ಅಕ್ಕಿ ಮಾಡಿಟ್ಟುಕೊಳ್ಳುವುದು ರೈತನಿಗೆ ನಷ್ಟ. ತಿಂಗಳಿಗೆ ಬೇಕಾದಷ್ಟನ್ನು ಆ ತಿಂಗಳೇ ಮಾಡಿಕೊಳ್ಳುವುದು ಲಾಭ.

ಮೊದಲು ಊರಿನ ಭತ್ತದ ಹಲ್ಲರ್‌ನಲ್ಲಿ ಎರಡು ಕೆಜಿ ಹಾಕಿ ನೋಡಿದೆ. ಬ್ರೆಜಿಲ್‌ನಲ್ಲಿ 1880ರ ದಶಕದಲ್ಲಿ ಎಂಗಲ್‌ಬರ್ಗ್ ಎಂಬಾತ ರೂಪಿಸಿದ ಮಾದರಿ ಅದು. ಕಬ್ಬಿಣದ ಏಣುಗಳಿರುವ ಉರುಳೆ ಕಾಳನ್ನು ಒತ್ತಿ ಉಜ್ಜುತ್ತದೆ. ಭತ್ತಕ್ಕೆ ನಡೆಯುತ್ತದೆ. ಎರಡು ಮಿಲಿಮೀಟರ್ ಅಗಲವೂ ಇಲ್ಲದ ಸಾಮೆಗೆ ಆ ಉಜ್ಜಾಟ ಜಾಸ್ತಿ. ಕೊನೆಗೆ ಕೈಗೆ ಬಂದದ್ದು ಅರ್ಧ ನುಚ್ಚು, ಅರ್ಧ ತೌಡು.

ಹಾಗಾಗಿ ಉಜ್ಜುವ ದಾರಿ ಬಿಟ್ಟು ಎಸೆಯುವ ದಾರಿ ಹಿಡಿದೆ. ಜೋರಾಗಿ ತಿರುಗುವ ಚಕ್ರದ ನಡುವಿಗೆ ಕಾಳು ಬಿಡಬೇಕು. ಅದು ರೆಕ್ಕೆಗಳ ಗುಂಟ ಅಂಚಿಗೆ ಜಾರಿ, ಅಲ್ಲಿಂದ ಹಾರಿ ಗೋಡೆಗೆ ಬಡಿಯುತ್ತದೆ. ಏಟಿಗೆ ಹೊಟ್ಟು ಸೀಳಿ ಅಕ್ಕಿ ಹೊರಬೀಳುತ್ತದೆ. ಈ ಉಪಾಯ ನನ್ನದಲ್ಲ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ಭೋಪಾಲ್‌ನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಕಿರುಧಾನ್ಯದ ಸಣ್ಣ ಮಿಷನ್‌ಗಳ ಮೇಲೆ ಕೆಲಸ ಮಾಡಿದ್ದಾರೆ. ನಾನು ನನಗೇ ಹಾಕಿಕೊಂಡ ಷರತ್ತು ಬೇರೆ: ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡಬೇಕು, ಐದು ಕೆಜಿ ತಂದರೂ ಬೇಡ ಅನ್ನಬಾರದು, ಯಾವ ಭಾಗ ಕೆಟ್ಟರೂ ತಾಲ್ಲೂಕು ಪೇಟೆಯ ಲೇತ್‌ನಲ್ಲಿ ರಿಪೇರಿಯಾಗಬೇಕು.

ಚಕ್ರ

240 ಎಂಎಂ ಅಗಲದ, 4 ಎಂಎಂ ದಪ್ಪದ ಎರಡು ಎಂಎಸ್ (ಸಾದಾ ಉಕ್ಕು) ಬಿಲ್ಲೆ. ನಡುವೆ 20 ಎಂಎಂ ಸಂದಿ. ಅದರಲ್ಲಿ ಎಂಟು ರೆಕ್ಕೆ. ಒಂದು ಬಿಲ್ಲೆಯ ನಡುವೆ ಕಾಳು ಬೀಳಲು ತೂತು. 25 ಎಂಎಂ ಶಾಫ್ಟು, ಅದಕ್ಕೆ ಎರಡು 205 ನಂಬರಿನ ಪೆಡಸ್ಟಲ್ ಬೇರಿಂಗು. 2 ಎಚ್‌ಪಿ, 2880 ಆರ್‌ಪಿಎಂ ಮೋಟಾರಿಗೆ 5 ಇಂಚಿನ ಪುಲ್ಲಿ. ಶಾಫ್ಟಿನ ಕಡೆಗೆ ಬದಲಾಯಿಸಿ ನೋಡಲು 3, 3½, 4 ಇಂಚಿನ ಮೂರು ಪುಲ್ಲಿ ತಂದೆ. ಲೆಕ್ಕಕ್ಕೆ ನಿಮಿಷಕ್ಕೆ 4800, 4114, 3600 ಸುತ್ತು. ಚಕ್ರದ ಅಂಚಿನ ವೇಗ ಸೆಕೆಂಡಿಗೆ ಸುಮಾರು 60, 52, 45 ಮೀಟರ್ ಆಗುತ್ತದೆ. ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಏಟಿನ ಜೋರು ವೇಗದ ವರ್ಗದಷ್ಟು ಏರುತ್ತದೆ. 3600ರಿಂದ 4800ಕ್ಕೆ ಹೋದರೆ ಏಟು ಮುಕ್ಕಾಲು ಪಾಲು ಹೆಚ್ಚು.

ಚಕ್ರ ತಯಾರಾದ ದಿನವೇ ಓಡಿಸಿದೆ. ಅದು ನಾನು ಮಾಡಬಾರದಿದ್ದ ಕೆಲಸ. ಅರ್ಧ ನಿಮಿಷದಲ್ಲಿ ಫ್ರೇಮು ನೆಲದ ಮೇಲೆ ನಡೆಯಲು ಶುರುಮಾಡಿತು. ಸ್ವಿಚ್ ಆರಿಸಲು ಕೈ ಹೋಗುವಷ್ಟರಲ್ಲಿ ಬೇರಿಂಗನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲಾಗಿ ಶಾಫ್ಟು ಪಕ್ಕಕ್ಕೆ ಜರುಗಿತು, ಚಕ್ರ ಸುತ್ತಲಿನ ಕೇಸಿಂಗಿಗೆ ಉಜ್ಜಿ ಕಿಡಿ ಹಾರಿತು. ಪುಣ್ಯಕ್ಕೆ ಕೇಸಿಂಗನ್ನು 5 ಎಂಎಂ ತಗಡಿನಲ್ಲಿ ಮಾಡಿದ್ದೆ. ಏನೂ ಹೊರಗೆ ಬರಲಿಲ್ಲ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಅಂಚಿನ ಹತ್ತಿರ ಬರೀ 10 ಗ್ರಾಂ ತೂಕ ಒಂದು ಕಡೆಗೆ ಜಾಸ್ತಿ ಇದ್ದರೆ, 4500 ಸುತ್ತಿನಲ್ಲಿ ಅದು ಶಾಫ್ಟನ್ನು 25 ಕೆಜಿ ಭಾರದಷ್ಟು ಎಳೆಯುತ್ತದೆ, ಸೆಕೆಂಡಿಗೆ 75 ಸಲ. ಹತ್ತು ಗ್ರಾಂ ಅಂದರೆ ರೆಕ್ಕೆ ಕೂರಿಸುವಾಗ ಒಂದು ಕಡೆ ಉದ್ದ ಎಳೆದ ಎರಡು ವೆಲ್ಡಿಂಗ್ ಬೀಡು. ಇಷ್ಟು ವರ್ಷ ಗೇಟು ಬೆಸೆದ ಕೈಗೆ ಅದು ಲೆಕ್ಕಕ್ಕೇ ಇಲ್ಲದ ತೂಕ.

ಬ್ಯಾಲೆನ್ಸ್ ಮಾಡಲು ಪೇಟೆಗೆ ಹೋಗಬೇಕಾಗಿಲ್ಲ. ಎರಡು ಆಂಗಲ್ ತುಂಡುಗಳ ಅಂಚನ್ನು ನೇರವಾಗಿ ಉಜ್ಜಿ, ಮಟ್ಟಗೋಲು ಇಟ್ಟು ಸಮ ಮಾಡಿ, ಅದರ ಮೇಲೆ ಚಕ್ರ ಸಮೇತ ಶಾಫ್ಟನ್ನು ಇಟ್ಟೆ. ಭಾರದ ಕಡೆ ತಾನಾಗಿ ಉರುಳಿ ಕೆಳಗೆ ಬರುತ್ತದೆ. ಅಲ್ಲಿಗೆ ಸುಣ್ಣದ ಗುರುತು, ಗ್ರೈಂಡರ್‌ನಿಂದ ಸ್ವಲ್ಪ ಸವರಿದ್ದು, ಮತ್ತೆ ಉರುಳಿಸಿದ್ದು. ಸಂಜೆ ನಾಲ್ಕರಿಂದ ಎಂಟರವರೆಗೆ ಇದೇ ಕೆಲಸ. ಕೊನೆಗೆ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲತೊಡಗಿತು. ಬೇರಿಂಗಿನ ಗ್ರಬ್ ಸ್ಕ್ರೂ ಕೂರುವ ಕಡೆ ಶಾಫ್ಟಿನಲ್ಲಿ ಚಿಕ್ಕ ಗುಳಿ ಕೊರೆಸಿದೆ, ಇನ್ನು ಜಾರುವುದಿಲ್ಲ. ಮರುದಿನ ಓಡಿಸಿದಾಗ ಫ್ರೇಮಿನ ಮೇಲೆ ನಿಲ್ಲಿಸಿದ ಐದು ರೂಪಾಯಿ ನಾಣ್ಯ ಬೀಳಲಿಲ್ಲ. ಇಂಥ ಮಿಷನ್ ಮಾಡುವವರು ಈ ಒಂದು ಹಂತ ಬಿಡಬೇಡಿ. ಎಷ್ಟೇ ಬ್ಯಾಲೆನ್ಸ್ ಆಗಿದ್ದರೂ ಚಕ್ರದ ನೇರಕ್ಕೆ ಯಾರೂ ನಿಲ್ಲಬೇಡಿ, ಪಕ್ಕಕ್ಕೆ ನಿಂತೇ ಸ್ವಿಚ್ ಹಾಕಿ.

ಕೊಡೆ ಬಟ್ಟೆಯ ಮೇಲೆ ಇನ್ನೂರು ಕಾಳು

ಮಿಷನ್ ಚೆನ್ನಾಗಿ ಓಡುತ್ತಿದೆ ಅನ್ನುವುದು ಕಿವಿಗೆ ಗೊತ್ತಾಗುತ್ತದೆ, ಕಾಳಿಗೆ ಏನಾಗುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ. ಹಾಗಾಗಿ ಹಳೆಯ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಹೊರಬಂದ ಕಾಳಿನಿಂದ ಒಂದು ಚಮಚ ತೆಗೆದು, ಉಫ್ ಎಂದು ಊದಿ ಹೊಟ್ಟು ಹಾರಿಸಿ, ಇನ್ನೂರು ಕಾಳು ಎಣಿಸುವುದು. ಕಪ್ಪಿನ ಮೇಲೆ ಅಕ್ಕಿ ಮಂಕು ಬಿಳುಪಾಗಿ ಕಾಣುತ್ತದೆ. ಹೊಟ್ಟು ಬಿಡದ ಕಾಳು ಬೂದುಗಂದು, ಒಂದು ಬದಿಗೆ ಎಣ್ಣೆ ಸವರಿದಂತೆ ಹೊಳಪು. ಒಡೆದದ್ದು ಬೆರಳಿಗೆ ಚುರುಕಾಗಿ ತಾಗುತ್ತದೆ.

3600 ಸುತ್ತಿನಲ್ಲಿ 84 ಅಕ್ಕಿ, 101 ಹಾಗೇ ಉಳಿದದ್ದು, 15 ನುಚ್ಚು. 4114ರಲ್ಲಿ 118 ಅಕ್ಕಿ, 52 ಉಳಿದದ್ದು, 30 ನುಚ್ಚು. 4800ರಲ್ಲಿ 138 ಅಕ್ಕಿ, ಉಳಿದದ್ದು ಬರೀ 17, ಆದರೆ ನುಚ್ಚು 45. ವೇಗ ಏರಿಸಿದರೆ ಒಡೆಯುತ್ತದೆ, ಇಳಿಸಿದರೆ ಬಿಡುವುದಿಲ್ಲ.

ಗೋಡೆ ಬರೀ ಕಬ್ಬಿಣವಾಗಿದ್ದದ್ದು ಒಂದು ತಪ್ಪು. ಹಳೆ ಲಾರಿ ಟೈರಿನ ಪಟ್ಟಿ ಕತ್ತರಿಸಿ ಒಳಗೆ ಕಟ್ಟಿದೆ. ನುಚ್ಚೇನೋ ತಕ್ಷಣ ಕಡಿಮೆಯಾಯಿತು. ಆದರೆ ಅಕ್ಕಿ ತೊಳೆದ ನೀರಿನಲ್ಲಿ ಕರಿ ಚುಕ್ಕೆ ತೇಲಿದವು. ಟೈರಿನ ರಬ್ಬರ್ ಉಣ್ಣುವ ಅಕ್ಕಿಗೆ ಸೇರಬಾರದು. ಅದೇ ದಿನ ಕಿತ್ತುಹಾಕಿ, ಆಹಾರಕ್ಕೆ ತಾಗಬಹುದಾದ ದರ್ಜೆಯ 8 ಎಂಎಂ ಪಿಯು (ಪಾಲಿಯುರೆಥೇನ್) ಶೀಟು ತರಿಸಿದೆ. ಅದಕ್ಕೆ ₹1,900 ಆಯಿತು. ಸವೆದಾಗ ಬದಲಿಸಲು ಸುಲಭವಾಗಲಿ ಎಂದು ಅಂಟಿಸದೆ ನಾಲ್ಕು ಬೋಲ್ಟಿನಲ್ಲಿ ಕೂರಿಸಿದೆ. ಕಾಳು ತಾಗುವ ಕಡೆ ಎಲ್ಲೂ ಪೇಂಟು ಬಳಿದಿಲ್ಲ. ಕಾಳು ಸುರಿಯುವ ಹಾಪರು, ಅದು ಜಾರುವ ದೋಣಿ ಸ್ಟೇನ್‌ಲೆಸ್ ಸ್ಟೀಲಿನದ್ದು. ಚಕ್ರಕ್ಕೆ ಮಾತ್ರ ಕೆಲಸ ಮುಗಿದ ಮೇಲೆ ಕಡಲೆಕಾಯಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿಡಬೇಕು, ಇಲ್ಲದಿದ್ದರೆ ತುಕ್ಕು.

ಪಿಯು ಹಾಕಿದ ಮೇಲೆ 4800ರಲ್ಲಿ 149 ಅಕ್ಕಿ, 25 ಉಳಿದದ್ದು, 26 ನುಚ್ಚು. ಪರವಾಗಿಲ್ಲ. ಆದರೆ ಆ ಉಳಿದ 25ನ್ನು ಅಕ್ಕಿಯಿಂದ ಬೇರೆ ಮಾಡುವುದು ಹೇಗೆ? ಎಲ್ಲವನ್ನೂ ಒಟ್ಟಿಗೆ ಇನ್ನೊಮ್ಮೆ ಮಿಷನ್ನಿಗೆ ಬಿಟ್ಟರೆ ಆಗಲೇ ಬಿಡಿಸಿಕೊಂಡ ಅಕ್ಕಿಯೇ ಮತ್ತೆ ಏಟು ತಿಂದು ನುಚ್ಚಾಗುತ್ತದೆ. ಜರಡಿ ಹಿಡಿದೆ. ಹೊಟ್ಟು ಕಳೆದುಕೊಂಡ ಅಕ್ಕಿ ಚಿಕ್ಕದು, ಕೆಳಗೆ ಬೀಳಬೇಕು. ಹೊಟ್ಟಿರುವುದು ದೊಡ್ಡದು, ಮೇಲೆ ನಿಲ್ಲಬೇಕು. ಹಾಗಾಗಲಿಲ್ಲ. ಎರಡೂ ಕಡೆ ಎರಡೂ ಇತ್ತು. ಬೇರೆ ಬೇರೆ ತೂತಿನ ಜರಡಿ ತಂದು ಒಂದು ವಾರ ಒದ್ದಾಡಿದೆ.

ದೊಡ್ಡಮ್ಮ ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದಿದ್ದರು. ಹಾಪರಿಗೆ ಸುರಿಯಲು ಇಟ್ಟಿದ್ದ ಬಕೆಟ್ಟಿಗೆ ಕೈ ಹಾಕಿ, ಬೆರಳ ಸಂದಿಯಲ್ಲಿ ಕಾಳು ಸುರಿಸಿಕೊಂಡು, "ಇದನ್ನ ಹಿಂಗೇ ಹಾಕ್ತಿದ್ಯಾ? ದಪ್ಪದ್ದು ಸಣ್ಣದು ಬೇರೆ ಮಾಡ್ಕೊಂಡಿಲ್ಲ?" ಅಂದರು.

"ಆಮೇಲೆ ಜರಡಿ ಹಿಡೀತೀನಿ ದೊಡ್ಡಮ್ಮ."

"ಆಮೇಲೆ ಹಿಡಿದ್ರೆ ಏನ್ ಬಂತು? ದಪ್ಪಕ್ಕಿ, ಸಣ್ಣ ಸಾಮೆ ಎಲ್ಡೂ ಒಂದೇ ಗಾತ್ರ ಆಗೋಗ್ತದೆ ಕಣೋ. ಆಗ ದೇವರು ಬಂದ್ರೂ ಬೇರೆ ಮಾಡೋಕಾಗಲ್ಲ."

ನಾನು ಕೊಡೆ ಬಟ್ಟೆಯ ಮುಂದೆ ಕೂತು ನೋಡಿದೆ. ಒಂದು ದಪ್ಪ ಕಾಳಿನ ಅಕ್ಕಿ, ಪಕ್ಕದಲ್ಲಿ ಹೊಟ್ಟು ಬಿಡದ ಒಂದು ಸಣ್ಣ ಕಾಳು. ಎರಡೂ ಒಂದೇ ತೂತಿನಲ್ಲಿ ಇಳಿದವು. ಒಂದೇ ಹೊಲದ ಸಾಮೆಯಾದರೂ ತೆನೆಯ ತುದಿಯ ಕಾಳು ಬೇರೆ, ಬುಡದ್ದು ಬೇರೆ. ಎಳಸು, ಬಲಿತದ್ದು ಎಲ್ಲ ಕೂಡಿರುತ್ತವೆ. ಹೊಟ್ಟು ತೆಗೆಯುವ ಮೊದಲು ಗಾತ್ರ ಒಂದೇ ಮಾಡಿಕೊಂಡರೆ ಮಾತ್ರ ಆಮೇಲೆ ಹೊಟ್ಟಿನ ದಪ್ಪ ಜರಡಿಗೆ ಸಿಗುವ ವ್ಯತ್ಯಾಸವಾಗುತ್ತದೆ. ನಾನು ಎರಡು ತಿಂಗಳು ಚಕ್ರದ ಹಿಂದೆ ಬಿದ್ದಿದ್ದೆ. ಅಕ್ಕಿ ಉಳಿಯುವುದೂ ಹೋಗುವುದೂ ಚಕ್ರಕ್ಕಿಂತ ಮೊದಲಿನ ಜರಡಿಯಲ್ಲಿ ತೀರ್ಮಾನವಾಗುತ್ತಿತ್ತು.

ತೂಗುಜರಡಿ

ಇದಕ್ಕೆ ಮೋಟಾರು ಹಾಕಲಿಲ್ಲ. ಮರದ ಚೌಕಟ್ಟಿನಲ್ಲಿ ಒಂದರ ಕೆಳಗೊಂದು ಎರಡು ತಗಡಿನ ಜರಡಿ, ಮೇಲಿನದು 1.8 ಎಂಎಂ ತೂತು, ಕೆಳಗಿನದು 1.5. ನಾಲ್ಕು ಮೂಲೆಗೆ ಕಬ್ಬಿಣದ ಪಟ್ಟಿ ಕಟ್ಟಿ ಫ್ರೇಮಿಗೆ ತೊಟ್ಟಿಲಿನ ಹಾಗೆ ನೇತುಹಾಕಿದೆ. ಮುಂದಕ್ಕೆ ಸ್ವಲ್ಪ ಇಳಿಜಾರು. ಕೂತ ಕಡೆಯಿಂದ ಒಂದು ಕೈಯಲ್ಲಿ ತೂಗಿದರೆ ಸಾಕು, ಹತ್ತು ನಿಮಿಷದಲ್ಲಿ ಹದಿನೆಂಟು ಕೆಜಿ ಮೂರು ಪಾಲಾಗುತ್ತದೆ: ದಪ್ಪ, ನಡುವಿನದು, ತೂತಿನಿಂದ ಪೂರಾ ಇಳಿದ ಜೊಳ್ಳು ಮತ್ತು ದೂಳು. ತೂತಿಗೆ ಕಾಳು ಸಿಕ್ಕಿಕೊಳ್ಳದಿರಲು ಜರಡಿಯ ಕೆಳಗೆ ನಾಲ್ಕು ರಬ್ಬರ್ ಗೋಲಿ ಬಿಟ್ಟಿದ್ದೇನೆ, ತೂಗಿದಂತೆ ಕುಣಿದು ತಗಡಿಗೆ ಬಡಿಯುತ್ತವೆ. ಹಾಪರಿನ ಬಾಯಿಗೆ ಹಳೆ ಸ್ಪೀಕರಿನ ಮ್ಯಾಗ್ನೆಟ್ಟು. ಮೊದಲ ವಾರದಲ್ಲೇ ಒಂದು ಮೊಳೆ, ಎರಡು ಸ್ಟೇಪಲ್ ಪಿನ್ನು ಹಿಡಿಯಿತು. ಕಲ್ಲನ್ನು ಮಾತ್ರ ಅದು ಹಿಡಿಯುವುದಿಲ್ಲ. ಕಾಳಿನಷ್ಟೇ ಗಾತ್ರದ ಹರಳು ಜರಡಿಗೂ ಸಿಗುವುದಿಲ್ಲ. ಅದಕ್ಕೆ ಈಗಲೂ ಮೊರವೇ ಗತಿ, ಅಕ್ಕಿ ತೊಳೆಯುವಾಗ ಗಾಲಿಸುವುದೇ ಗತಿ.

ದಪ್ಪ ಪಾಲನ್ನು 4114ರಲ್ಲಿ, ನಡುವಿನದನ್ನು 4800ರಲ್ಲಿ ಹಾಕಿದೆ. ಸಣ್ಣ ಕಾಳಿಗೆ ತೂಕ ಕಡಿಮೆ, ಅದೇ ಏಟು ಬೀಳಲು ವೇಗ ಹೆಚ್ಚು ಬೇಕು. ದಪ್ಪದಲ್ಲಿ 158 ಅಕ್ಕಿ, 31 ಉಳಿದದ್ದು, 11 ನುಚ್ಚು. ನಡುವಿನದರಲ್ಲಿ 155, 30, 15. ಎರಡನ್ನೂ ಬೇರೆ ಬೇರೆಯಾಗಿಯೇ ಜರಡಿ ಹಿಡಿದು, ಮೇಲೆ ನಿಂತದ್ದನ್ನಷ್ಟೇ ಇನ್ನೊಮ್ಮೆ ಬಿಟ್ಟೆ. ಕೊನೆಗೆ ಕೊಡೆ ಬಟ್ಟೆಯ ಮೇಲೆ 188 ಅಕ್ಕಿ, 9 ನುಚ್ಚು, 3 ಉಳಿದದ್ದು. ನನಗೆ ನಂಬಿಕೆಯಾಗದೆ ಮತ್ತೆ ಎಣಿಸಿದೆ.

ಕಾಳಿನ ಒಣಗೂ ಮುಖ್ಯ. ಹಸಿ ಇದ್ದರೆ ಹೊಟ್ಟು ಮೆತ್ತಗಾಗಿ ಸೀಳುವುದಿಲ್ಲ. ಬಿಸಿಲಿಂದ ಎತ್ತಿ ನೇರ ತಂದು ಹಾಕಿದರೆ ನುಚ್ಚು ಹೆಚ್ಚು. ಒಂದು ದಿನ ಒಣಗಿಸಿ, ರಾತ್ರಿ ನೆರಳಲ್ಲಿ ಆರಲು ಬಿಟ್ಟು, ಬೆಳಗ್ಗೆ ಹಲ್ಲಲ್ಲಿ ಕಚ್ಚಿದರೆ ಟಕ್ ಅನ್ನಬೇಕು. ಆ ಹದ ಸರಿ.

ಗಾಳಿ ಮತ್ತು ಕರೆಂಟು

ಹೊಟ್ಟು ಎಳೆಯಲು ಅರ್ಧ ಎಚ್‌ಪಿಯ ಬ್ಲೋವರು ಬೇರೆ ಇದೆ. ಕಾಳು ನಿಲುವಿನ ಕೊಳವೆಯಲ್ಲಿ ಕೆಳಗೆ ಬೀಳುವಾಗ ಗಾಳಿ ಮೇಲಕ್ಕೆ ಎಳೆಯುತ್ತದೆ. ಗಾಳಿ ಹೆಚ್ಚು ಕಡಿಮೆ ಮಾಡಲು ಬಾಯಿಗೊಂದು ತಗಡಿನ ಡ್ಯಾಂಪರು. ಪೂರಾ ತೆರೆದರೆ ಹೊಟ್ಟಿನ ಜೊತೆ ನುಚ್ಚೂ ಹೋಗುತ್ತದೆ. ಹೊಟ್ಟಿನ ಚೀಲಕ್ಕೆ ಕೈ ಹಾಕಿ ಬಿಳಿ ಕಾಣದ ಹಾಗೆ ಡ್ಯಾಂಪರು ಕೂರಿಸಿ, ಅಲ್ಲಿಗೆ ಗೀರು ಎಳೆದಿದ್ದೇನೆ.

ನಮ್ಮ ಕಡೆ ಸಂಜೆ ವೋಲ್ಟೇಜು 180ಕ್ಕೆ ಇಳಿಯುತ್ತದೆ. ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ. 230ರಲ್ಲಿ ಇರುವುದರ ಶೇ 60ರಷ್ಟೇ ಸಿಗುತ್ತದೆ. ಭಾರದ ಚಕ್ರ ವೇಗಕ್ಕೆ ಬರಲು ಒದ್ದಾಡಿ ಸ್ಟಾರ್ಟಿಂಗ್ ಕೆಪಾಸಿಟರ್ ಒಂದು ಸುಟ್ಟುಹೋಯಿತು. ಈಗ ಹಾಪರಿನ ಬಾಗಿಲು ಮುಚ್ಚಿ ಮೊದಲು ಚಕ್ರ, ಅದು ವೇಗ ಹಿಡಿದ ಮೇಲೆ ಬ್ಲೋವರು, ಆಮೇಲೆ ಕಾಳು. ಕೆಲಸ ಬೆಳಗಿನ ಹೊತ್ತು ಮಾತ್ರ.

ಆಂಪ್ ಮೀಟರು ಹಿಡಿದು ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಕಾಳಿಲ್ಲದೆ ಓಡುವಾಗ 7 ಆಂಪ್, ಗಂಟೆಗೆ 60 ಕೆಜಿ ಬಿಟ್ಟಾಗ 7.5. ಹೊಟ್ಟು ಸೀಳಲು ಬೇಕಾದ ಶಕ್ತಿ ಅಷ್ಟೇ ಅಷ್ಟು. ಉಳಿದದ್ದರಲ್ಲಿ ಮೋಟಾರು ಖಾಲಿ ಓಡಲು ಎಳೆಯುವುದೂ ಇದೆ, ಚಕ್ರ ಗಾಳಿ ಕಡೆಯುವುದಕ್ಕೆ ಹೋಗುವುದೂ ಇದೆ. ಮುಂದಿನದಕ್ಕೆ ಕಾಳು ಬೀಳುವ ಬಾಯಿ ಚಿಕ್ಕದು ಮಾಡಿ, ರೆಕ್ಕೆ ನಾಲ್ಕಕ್ಕೆ ಇಳಿಸಿ 1.5 ಎಚ್‌ಪಿಯಲ್ಲಿ ನೋಡಬೇಕೆಂದಿದ್ದೇನೆ.

ದೊಡ್ಡಮ್ಮನ ಹದಿನೆಂಟು ಕೆಜಿಯಲ್ಲಿ ಪರೀಕ್ಷೆಗೆ ಕರಗಿದ್ದನ್ನು ನನ್ನ ಖರ್ಚಿನಲ್ಲಿ ತುಂಬಿಕೊಟ್ಟು, ಪೂರಾ ಹದಿನೆಂಟನ್ನು ಹಾಕಿದೆ. 11.4 ಕೆಜಿ ಅಕ್ಕಿ, 800 ಗ್ರಾಂ ನುಚ್ಚು, 5.3 ಕೆಜಿ ಹೊಟ್ಟು ಮತ್ತು ತೌಡು. ಅರ್ಧ ಕೆಜಿ ನೆಲಕ್ಕೆ, ಕೊಳವೆಯ ಮೂಲೆಗೆ ಹೋಯಿತು. ತೌಡು ಎಮ್ಮೆಗೆ. ಅಕ್ಕಿಗೆ ಪಾಲಿಶ್ ಇಲ್ಲ, ಬಣ್ಣ ಸ್ವಲ್ಪ ಮಂಕು, ಅನ್ನಕ್ಕೆ ಒಳ್ಳೆ ಘಮ. ಒಟ್ಟು ಖರ್ಚು ₹33,000, ನನ್ನ ಕೂಲಿ ಬಿಟ್ಟು. ಅದರಲ್ಲಿ ₹12,300 ಎರಡು ಮೋಟಾರಿಗೇ.

ನವಣೆಗೂ ಇದೇ ಚಕ್ರ ನಡೆಯಿತು, ಜರಡಿ ಮಾತ್ರ ಬದಲು. ಹಾರಕಕ್ಕೆ ಆಗಲಿಲ್ಲ. ಅದರ ಹೊಟ್ಟು ಪದರ ಪದರವಾಗಿ ಕಚ್ಚಿಕೊಂಡಿರುತ್ತದೆ. ಮೂರು ಸಲ ಬಿಟ್ಟರೂ ಅರ್ಧ ಹಾಗೇ ಉಳಿಯಿತು. ಅದಕ್ಕೆ ಏಟು ಸಾಲದು, ಎಮರಿ ಕಲ್ಲಿನ ಉಜ್ಜು ಬೇಕು. ಹಾರಕ ತಂದವರಿಗೆ ಆಗುವುದಿಲ್ಲ ಎಂದೇ ಹೇಳಿ ಕಳಿಸುತ್ತಿದ್ದೇನೆ, ಅದಕ್ಕೆ ಬೇಸರವಿದೆ.

ಈ ವಾರ ಪಕ್ಕದ ಊರಿಂದ ಇಬ್ಬರು ಕೊರಲೆ ತಂದಿಟ್ಟು ಹೋಗಿದ್ದಾರೆ, ಒಬ್ಬರದ್ದು ಏಳು ಕೆಜಿ, ಇನ್ನೊಬ್ಬರದ್ದು ಹನ್ನೊಂದು. ಎರಡಕ್ಕೂ ಬೇರೆ ಬೇರೆ ಚೀಟಿ ಕಟ್ಟಿಟ್ಟಿದ್ದೇನೆ. ಕೊರಲೆಗೆ 1.5ರ ಜರಡಿ ದೊಡ್ಡದಾಗುತ್ತದೆ. 1.2ರ ತಗಡು ನಾಳೆ ಬೆಳಗ್ಗೆಯ ಬಸ್ಸಿಗೆ ಬರುತ್ತದೆ.